ಭೂಪಥವನ್ನು ಹಾಯುವ ಕಿರುಗ್ರಹಗಳು

ಮಂಗಳ ಮತ್ತು ಗುರುಗ್ರಹಗಳ ನಡುವೆ ಲಕ್ಷಗಟ್ಟಲೆ ಕಿರುಗ್ರಹಗಳು ಸೂರ್ಯನನ್ನು ಸುತ್ತುತ್ತಿವೆಯೆಂಬುದನ್ನು ನೀವು ಬಲ್ಲಿರಿ. ಅಲ್ಲಿ ಮೊದಲು ಕಂಡ ಸೀರಿಸ್, 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊ ನಗರದಲ್ಲಿ ಪಿಯಾಟ್ಸಿ ಎಂಬ ಪಾದ್ರಿಯ ಕಣ್ಣಿಗೆ ಬಿದ್ದಿತು. ಇವೆಲ್ಲ ತಮ್ಮ ಎಲ್ಲೆಯಲ್ಲೇ ಇರುತ್ತವೆಯೆ? ಇಲ್ಲ. ಕೆಲವು ನಮ್ಮ ಭೂಮಿಯ ಹಾದಿಗೇ ಬರುತ್ತವೆ.

ಈ ಅರಿವು ನಿಧಾನವಾಗಿ ಮೂಡಿತು. 1898ರಲ್ಲಿ ಬರ್ಲಿನ್ನಿನ ವಿಟ್ ಕಂಡ ಈರೋಸ್, ಮಂಗಳನ ಹಾದಿಯ ಒಳಕ್ಕೆ ಬಂದು, ನಮಗೆ ಸುಮಾರು ಎರಡು ಕೋಟಿ ಇಪ್ಪತ್ತು ಲಕ್ಷ ಕಿಲೋಮೀಟರಿನಷ್ಟು ಸಮೀಪಿಸಬಲ್ಲುದೆಂದು ತಿಳಿಯಿತು. 1932ರ ಮಾರ್ಚಿಯಲ್ಲಿ ಬೆಲ್ಜಿಯಮ್ಮಿನ ಡೆಲ್ಪೋರ್ಟ್ ಆಮೋರನ್ನು ಕಂಡನು. ಮರುತಿಂಗಳೇ ಹೈಡೆಲ್‌ಬರ್ಗಿನ ರೈನ್‌ಮೂತ್ ಕಂಡ ಅಪೊಲೊ ನಮ್ಮ ಹಾದಿಯನ್ನು ಮಾತ್ರವಲ್ಲ, ಶುಕ್ರನ ಹಾದಿಯನ್ನೂ ಹಾಯುವಂತಹುದು. ಆದರೆ ಅದು ಬೇಗನೆ ಮರೆಯಾಗಿ, ಮತ್ತೆ ಸಿಕ್ಕಿದ್ದು 1973ರಲ್ಲಿ! 1937ರಲ್ಲಿ ಆತನೇ ಕಂಡ ಹರ್ಮಿಸ್, ಚಂದ್ರನ ದೂರದ ಸುಮಾರು ಎರಡರಷ್ಟು ದೂರದಲ್ಲಿ ಹಾದುಹೋಗಿ, 2003ರವರೆಗೆ ಕಳೆದುಹೋಗಿತ್ತು. ಕೆಲವೇ ರಾತ್ರಿಗಳ ನೋಟದಿಂದ ಪಥದ ಲೆಕ್ಕ ಗಟ್ಟಿಯಾಗದು.

ಪಥ ತಿಳಿಯದೆ ವರ್ಗೀಕರಣವೂ ಇಲ್ಲ. ಗಾತ್ರವಲ್ಲ, ಬಣ್ಣವಲ್ಲ, ನಡೆಯುವ ದಾರಿಯೇ ಬಳಗವನ್ನು ನಿರ್ಣಯಿಸುತ್ತದೆ. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ, ಎಂದರೆ ಸುಮಾರು 15 ಕೋಟಿ ಕಿಲೋಮೀಟರು, ಒಂದು ಖಗೋಲಮಾನ. ಸೂರ್ಯನಿಗೆ 1.3 ಮಾನಕ್ಕಿಂತ ಹತ್ತಿರ ಬರುವವು ಭೂಸಮೀಪದ ಕಿರುಗ್ರಹಗಳು. ಅವುಗಳಲ್ಲಿ ಭೂಪಥದ ಹೊರಗಿನಿಂದಲೇ ಇಣುಕಿ ಹಿಂತಿರುಗುವವು ಆಮೋರ್ ಬಳಗ. ಸರಾಸರಿ ದೂರ ಒಂದು ಮಾನಕ್ಕಿಂತ ಹೆಚ್ಚಿದ್ದು, ಒಳಕ್ಕೆ ಬರುವಾಗ ನಮ್ಮ ಹಾದಿಯನ್ನು ಹಾಯುವವು ಅಪೊಲೊ ಬಳಗ. ಸರಾಸರಿ ದೂರ ಕಡಮೆಯಿದ್ದು, ಹೊರಕ್ಕೆ ಹೋಗುವಾಗ ಹಾಯುವವು ಏಟೆನ್ ಬಳಗ. 1976ರಲ್ಲಿ ಅಮೆರಿಕದ ಪಾಲೊಮಾರ್ ವೀಕ್ಷಣಾಲಯದಲ್ಲಿ ಎಲೀನರ್ ಹೆಲಿನ್ ಕಂಡ ಏಟೆನ್, ಸುಮಾರು 347 ದಿನಗಳಲ್ಲಿ ತನ್ನ ಸುತ್ತನ್ನು ಮುಗಿಸುತ್ತದೆ. ಸದಾ ಭೂಪಥದೊಳಗೇ ಸುತ್ತುವವು, 2003ರಲ್ಲಿ ಕಂಡ ಅಟೀರದ ಬಳಗ.

ಹಾಯುವುದೆಂದರೆ ಡಿಕ್ಕಿಯೆಂದು ಅಂಜಬೇಕಿಲ್ಲ. ರೈಲುಹಾದಿಯೂ ಅದರ ಮೇಲಣ ಸೇತುವೆಯೂ ನಕ್ಷೆಯಲ್ಲಿ ಒಂದನ್ನೊಂದು ಕತ್ತರಿಸುತ್ತವೆ. ನಿಜದಲ್ಲಿ ನಡುವೆ ಅಂತರವಿದೆ. ಕಕ್ಷೆಗಳ ಓರೆಯಿಂದ ಬಾನಿನಲ್ಲಿಯೂ ಹಾಗೆಯೇ. ಆದ್ದರಿಂದ ಎರಡು ಪಥಗಳ ಕನಿಷ್ಠ ಅಂತರ ಸುಮಾರು 75 ಲಕ್ಷ ಕಿಲೋಮೀಟರಿನೊಳಗಿದ್ದು, ಗಾತ್ರ ಸುಮಾರು 140 ಮೀಟರನ್ನು ಮೀರಿದವನ್ನು ಮಾತ್ರ ಅಪಾಯ ಸಂಭವವುಳ್ಳವೆಂದು ಬೇರೆಯಾಗಿ ಎಣಿಸುತ್ತಾರೆ.

ಎಣಿಕೆಗೆ ಸಿಗದ ಸಣ್ಣವೂ ಉಂಟು. 2013ರ ಫೆಬ್ರವರಿ 15ರಂದು ರಷ್ಯದ ಚೆಲ್ಯಾಬಿನ್ಸ್ಕ್ ಬಳಿ ಸುಮಾರು 20 ಮೀಟರಿನ ಬಂಡೆಯೊಂದು ಬಾನಿನಲ್ಲೇ ಸಿಡಿಯಿತು. ಸೂರ್ಯನ ದಿಕ್ಕಿನಿಂದ ಬಂದ ಅದನ್ನು ಯಾರೂ ಮುಂದಾಗಿ ಕಂಡಿರಲಿಲ್ಲ. ಸಾವಿರಕ್ಕೂ ಹೆಚ್ಚು ಜನರಿಗೆ ಗಾಯಗಳಾದುವು. ಬಹುಪಾಲು ಒಡೆದ ಕಿಟಕಿಗಾಜಿನಿಂದ.

ಬಳಗವೂ ಶಾಶ್ವತವಲ್ಲ. 2004ರಲ್ಲಿ ಕಂಡ ಏಟೆನ್ ಬಳಗದ ಅಪೋಫಿಸ್, 2029ರ ಏಪ್ರಿಲ್ 13ರಂದು ಭೂಮಿಯ ಮೇಲ್ಮೈಯಿಂದ ಸುಮಾರು 32 ಸಾವಿರ ಕಿಲೋಮೀಟರು ದೂರದಲ್ಲಿ ಹಾದುಹೋಗಲಿದೆ. ಡಿಕ್ಕಿಯಿಲ್ಲವೆಂದು ಲೆಕ್ಕ ಹೇಳುತ್ತದೆ. ಆದರೆ ಭೂಮಿಯ ಸೆಳೆತದಿಂದ ಅದರ ದಾರಿ ಹಿಗ್ಗಿ, ಅದು ಅಪೊಲೊ ಬಳಗಕ್ಕೆ ಸೇರಲಿದೆ. ಕಂಡುದನ್ನು ಕಳೆದುಕೊಳ್ಳುತ್ತಿದ್ದ ಕಾಲ ಹೋಗಿ, ಬರುವ ದಿನವನ್ನು ವರ್ಷಗಳ ಮುಂಚೆಯೇ ಹೇಳಬಲ್ಲ ಕಾಲ ಬಂದಿದೆ.