ಸಕ್ಕರೆಯ ಅಳತೆ, ಮುಟ್ಟಿನ ತಾರೀಖು: ಹುನಗುಂದ ಸೀಮೆಯಿಂದ ಒಂದು ವಿಚಾರ

ಹುನಗುಂದ–ಇಳಕಲ್ಲ ಸೀಮೆಯ ಹಳ್ಳಿಗಳಲ್ಲಿ ಮೂವತ್ತು ದಾಟಿದವರ ಸಕ್ಕರೆ ಕಾಯಿಲೆಯ ತಪಾಸಣೆಗೆ ಮೊದಲ ಮೆಟ್ಟಿಲು ಆಶಾ ಕಾರ್ಯಕರ್ತೆ ತುಂಬುವ ಸಿಬ್ಯಾಕ್ ಎಂಬ ಪ್ರಶ್ನಾವಳಿಯ ಫಾರ್ಮು. ಎರಡು ಮುಟ್ಟಿನ ನಡುವೆ ರಕ್ತ ಹೋಗುತ್ತದೆಯೇ ಎಂಬ ಪ್ರಶ್ನೆ ಅದರಲ್ಲಿದೆ; ಅದು ಕ್ಯಾನ್ಸರಿನ ಸುಳಿವಿಗಾಗಿ, ಸಕ್ಕರೆಗಾಗಿ ಅಲ್ಲ. ಬೆರಳು ಚುಚ್ಚಿ ಶುಗರ್ ನೋಡುವಾಗ ಊಟವಾಗಿ ಎಷ್ಟು ಹೊತ್ತಾಯಿತೆಂದು ಕೇಳುವುದು ರೂಢಿ. ಮುಟ್ಟಾಗಿ ಎಷ್ಟು ದಿನವಾಯಿತೆಂದೂ ಕೇಳಲೇಬೇಕು ಎಂಬುದು ಈ ಲೇಖನದ ವಾದ.

ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಏರುತ್ತದೆ, ಇನ್ಸುಲಿನ್ನಿಗೆ ದೇಹ ಮಣಿಯುವುದು ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಇದುಂಟು. ಅಮೆರಿಕದಲ್ಲಿ 259 ಆರೋಗ್ಯವಂತ ಮಹಿಳೆಯರ ಮೇಲೆ ನಡೆದ ಬಯೋಸೈಕಲ್ ಅಧ್ಯಯನದಲ್ಲಿ ಇನ್ಸುಲಿನ್ ಪ್ರತಿರೋಧದ ಸೂಚ್ಯಂಕ ಚಕ್ರದ ಮೊದಲರ್ಧದ 1.35ರಿಂದ ಅಂಡ ಬಿಡುಗಡೆಯ ನಂತರ 1.59ಕ್ಕೆ ಏರಿ, ಮುಟ್ಟಿನ ಹೊತ್ತಿಗೆ ಮತ್ತೆ ಇಳಿಯಿತು. ಆರೋಗ್ಯವಂತರ ಮೇದೋಜೀರಕ ಗ್ರಂಥಿ ಈ ಏರಿಳಿತವನ್ನು ತಾನೇ ಸರಿದೂಗಿಸುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಆ ಅನುಕೂಲವಿಲ್ಲ. ಮುಟ್ಟಿಗೆ ಮುಂಚಿನ ವಾರ ಅದೇ ಜೋಳದ ರೊಟ್ಟಿ, ಅದೇ ಡೋಸು, ಆದರೂ ಬೆಳಗಿನ ಶುಗರ್ ಮೇಲೆ. ಬಾಯಿಕಟ್ಟಿಲ್ಲವೆಂದು ಆಕೆಯನ್ನು ಬೈಯುವುದು ಅನ್ಯಾಯ.

ನನ್ನ ದೃಷ್ಟಿಯಲ್ಲಿ ಹೆಚ್ಚಿನ ಅಪಾಯವಿರುವುದು ಇಳಿತದಲ್ಲಿ. ಏರಿದ ವಾರ ಹೆಚ್ಚಿಸಿದ ಡೋಸನ್ನೇ ಮುಟ್ಟು ಶುರುವಾದ ಮೇಲೂ ಮುಂದುವರಿಸಿದರೆ ಶುಗರ್ ತೀರ ಕೆಳಗಿಳಿಯಬಹುದು. ಇಳಕಲ್ಲಿನ ಕುಣಿಮಗ್ಗದಲ್ಲಿ ಕೂತವಳಿಗೆ ಕೈ ನಡುಗಿ, ಮೈ ಬೆವೆತು, ಕಣ್ಣು ಮಂಜಾದರೆ ಅದನ್ನು ಮುಟ್ಟಿನ ನಿಶ್ಶಕ್ತಿಯೆಂದು ಎಲ್ಲರೂ ಸುಮ್ಮನಾಗುತ್ತಾರೆ. ಆ ಗಳಿಗೆಯಲ್ಲಿ ಬೇಕಾದದ್ದು ಮೂರು ಚಮಚ ಸಕ್ಕರೆ ಕದಡಿದ ನೀರು.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ರಕ್ತಪರೀಕ್ಷೆ ವಾರದಿಂದ ವಾರಕ್ಕಾಗುವ ಈ ಏರಿಳಿತವನ್ನು ಮುಚ್ಚಿಬಿಡುತ್ತದೆ. ಕಬ್ಬಿಣಾಂಶದ ಕೊರತೆಯಿದ್ದರೆ ಆ ಅಂಕಿ ಸುಳ್ಳಾಗಿ ಮೇಲೇರುವುದೂ ಉಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ, ಈ ಕೊರತೆಯಿಂದಲೂ ಬರುವ ರಕ್ತಹೀನತೆಯಿದೆ.

ತಾರೀಖು ಕೇಳಲು ಸಂಕೋಚವೇಕೆ? ಶರಣರ ಕೂಡಲಸಂಗಮ ಹುನಗುಂದ ತಾಲ್ಲೂಕಿನದೇ; ಮುಟ್ಟಿನ ಮೈಲಿಗೆಯೆಂಬ ರಜಸ್ಸೂತಕ ಸೇರಿ ಪಂಚಸೂತಕಗಳನ್ನು ಶರಣರು 12ನೇ ಶತಮಾನದಲ್ಲೇ ಅಲ್ಲಗಳೆದರು. ಅಡುಗೆಮನೆಯ ಗೋಡೆಯ ಶಾಬಾದಿಮಠ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಮುಟ್ಟಿನ ದಿನಕ್ಕೊಂದು ಗುರುತು, ಬೆಳಗಿನ ಶುಗರ್ ಅಂಕಿ ಇಷ್ಟನ್ನು ಮೂರು ತಿಂಗಳು ಬರೆದಿಟ್ಟರೆ ಡೋಸು ಎಂದು ಏರಿಸಬೇಕು, ಎಂದು ಇಳಿಸಬೇಕು ಎಂದು ವೈದ್ಯರು ತೀರ್ಮಾನಿಸಬಲ್ಲರು. ಎಲ್ಲರಲ್ಲೂ ಏರಿಳಿತ ಒಂದೇ ತೆರನಲ್ಲ, ಕೆಲವರಲ್ಲಿ ಕಾಣಿಸುವುದೇ ಇಲ್ಲ. ಪಿಸಿಓಎಸ್ ಎಂಬ ಅಂಡಾಶಯದ ತೊಂದರೆಯಿಂದ ಮುಟ್ಟು ಕ್ರಮ ತಪ್ಪಿದವರಿಗೂ ಮುಟ್ಟು ನಿಲ್ಲುವ ಹಂತದವರಿಗೂ ತಾರೀಖು ಮುನ್ಸೂಚನೆ ಕೊಡಲಾರದು. ಅವರು ಗ್ಲುಕೋಮೀಟರಿನ ಅಂಕಿಯನ್ನೇ ನಂಬಿ ನಡೆಯಬೇಕು.