ಘಟಪ್ರಭೆಯ ಸೀಮೆಯ ಬೇಸಿಗೆ ಸೂಟಿ

ಬೆಳಗಾವಿ ಜಿಲ್ಲೆಯ ಅಂಕಲಗಿ, ಗೋಕಾಕ, ಹುಕ್ಕೇರಿ ಸೀಮೆಯ ಹಿರಿಯರು ಬಾಲ್ಯದ ಮಾತು ತೆಗೆದರೆ ಅದು ಬಹಳ ಸಲ ಬೇಸಿಗೆ ಸೂಟಿಗೇ ಬಂದು ನಿಲ್ಲುತ್ತದೆ. ಬತ್ತಿದ ಹೊಳೆಯ ಉಸುಕಿನಲ್ಲಿ ನೀರಿಗೆಂದು ವರತಿ ತೋಡಿದ್ದು, ಉಳಿದ ಮಡುವಿನಲ್ಲಿ ಎಮ್ಮೆಗಳ ಜೊತೆ ಈಜಿದ್ದು, ಅಜ್ಜನ ಮನೆಯಲ್ಲಿ ಹುಲ್ಲು ಹಾಸಿ ಹಣ್ಣಿಗಿಟ್ಟ ಮಾವನ್ನು ಕದ್ದು ತಿಂದದ್ದು, ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋದದ್ದು. ಇದನ್ನೆಲ್ಲ ಬರೀ ಹಳಹಳಿಕೆ ಎಂದು ಬದಿಗೆ ಸರಿಸುವವರಿದ್ದಾರೆ. ಹಾಗೆ ಸರಿಸುವುದು ತಪ್ಪು ಎಂಬುದು ನನ್ನ ವಾದ. ನೀರಾವರಿಗೆ ಮೊದಲು ಘಟಪ್ರಭೆಯ ಈ ಕಣಿವೆಯ ಒಕ್ಕಲುತನ ಹೇಗೆ ನಡೆಯುತ್ತಿತ್ತು, ಊರಿಗೆ ಬಿಡುವು ಯಾವಾಗ ಸಿಗುತ್ತಿತ್ತು ಎಂಬುದರ ಸಾಕ್ಷ್ಯ ಈ ನೆನಪುಗಳಲ್ಲಿದೆ.

ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭೆಗೆ ಹಿರಣ್ಯಕೇಶಿಯೂ ಮಾರ್ಕಂಡೇಯವೂ ಈ ಸೀಮೆಯಲ್ಲೇ ಬಂದು ಕೂಡುತ್ತವೆ. ಮೂರೂ ಮಳೆಗಾಲದ ಹೊಳೆಗಳು. ಶ್ರಾವಣದಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಕೆಂಪಗೆ ಧುಮ್ಮಿಕ್ಕುವ ಗೋಕಾಕ ಫಾಲ್ಸ್ ಚೈತ್ರದ ಹೊತ್ತಿಗೆ ಬರೀ ಬಂಡೆಯಾಗಿರುತ್ತದೆ. ಒಕ್ಕಲುತನವೂ ಇದೇ ಲಯದಲ್ಲಿತ್ತು. ಹಿಂಗಾರಿ ಜೋಳ ಕೊಯ್ದು, ಕಣ ಮಾಡಿ, ತೆನೆ ತುಳಿಸಲು ಎತ್ತುಗಳ ಹಂತಿ ಹೂಡಿ, ರಾತ್ರಿಯಿಡೀ ಹಂತಿ ಹಾಡು ಹಾಡುತ್ತ ರಾಶಿ ಮಾಡಿ, ಯುಗಾದಿಯ ಸುಮಾರಿಗೆ ಕಾಳು ಮನೆಗೆ ತಂದರೆ, ಅಲ್ಲಿಂದ ರೋಹಿಣಿ, ಮಿರಗದ ಮಳೆಯವರೆಗೆ ಹೊಲದಲ್ಲಿ ಅವಸರದ ಕೆಲಸ ಇರುತ್ತಿರಲಿಲ್ಲ. ಮದುವೆ, ಜಾತ್ರೆ, ಹೆಣ್ಣುಮಕ್ಕಳು ತವರಿಗೆ ಬರುವುದು ಎಲ್ಲ ಈ ಸಂದಿನಲ್ಲೇ. ಏಪ್ರಿಲ್-ಮೇ ತಿಂಗಳ ಸಾಲಿಯ ಸೂಟಿಯೂ ಇದೇ ಹೊತ್ತಿಗೆ ಬೀಳುತ್ತಿತ್ತು. ಹೀಗಾಗಿ ಮಕ್ಕಳಿಗೆ ಸಿಕ್ಕಿದ್ದು ತಮ್ಮೊಬ್ಬರ ರಜೆಯಲ್ಲ. ಕತೆ ಹೇಳಲು ಅಜ್ಜನಿಗೆ, ಈಜು ಕಲಿಸಲು ಸೋದರಮಾವನಿಗೆ, ಬಂಡಿ ಎಳೆಯಲು ಎತ್ತಿಗೆ ಒಟ್ಟಿಗೇ ಪುರುಸೊತ್ತಿತ್ತು.

ಆ ಪುರುಸೊತ್ತನ್ನು ಬದಲಿಸಿದ್ದು ನೀರು. 1876–78ರ ಭೀಕರ ಬರ ಕಂಡ ಈ ಸೀಮೆಗೆ 19ನೇ ಶತಮಾನದ ಕೊನೆಯ ದಶಕಗಳಲ್ಲೇ ಧೂಪದಾಳದ ಒಡ್ಡಿನಿಂದ ಕಾಲುವೆ ಬಂತು. 1887ರಲ್ಲಿ ಫಾಲ್ಸಿನ ನೀರಿನ ಬಲದಿಂದ ಗೋಕಾಕ ಮಿಲ್ಲಿನ ಯಂತ್ರಗಳು ತಿರುಗತೊಡಗಿದವು. ದೊಡ್ಡ ಬದಲಾವಣೆ ಆದದ್ದು ಮಾತ್ರ 1970ರ ದಶಕದಲ್ಲಿ, ಹಿಡಕಲ್ ಅಣೆಕಟ್ಟು ತಲೆಯೆತ್ತಿದ ಮೇಲೆ. ಕಾಲುವೆ, ಬೋರು, ಪಂಪ್‌ಸೆಟ್ಟು ಬಂದಲ್ಲೆಲ್ಲ ಜೋಳದ ಹೊಲ ಕಬ್ಬಿನ ಗದ್ದೆಯಾಯಿತು. ಕಬ್ಬು ವರ್ಷವಿಡೀ ನೆಲದಲ್ಲಿರುವ ಬೆಳೆ, ಅದಕ್ಕೆ ನೀರಿನ ಹಸಿವು ಹೆಚ್ಚುವುದೇ ಏಪ್ರಿಲ್-ಮೇ ತಿಂಗಳಲ್ಲಿ. ಮೊದಲು ಬಿಡುವಾಗಿದ್ದ ಆ ಎರಡು ತಿಂಗಳಲ್ಲಿ ಈಗ ರೈತ ರಾತ್ರಿ ಕರೆಂಟು ಬರುವುದನ್ನು ಕಾದು ನೀರು ಹಾಯಿಸುತ್ತಾನೆ. ರಾಶಿ ಯಂತ್ರದ ಪಾಲಾಗಿ ಕಣವೂ ಹಂತಿ ಹಾಡೂ ಹೋದವು. ಹಿಡಕಲ್ಲಿನ ಹಿನ್ನೀರಿನಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ಗುಡಿ ಬೇಸಿಗೆಯಲ್ಲಿ ನೀರು ಇಳಿದಾಗ ಮತ್ತೆ ಕಾಣಿಸುತ್ತದೆ, ಜನ ಅಲ್ಲಿಗೆ ಹೋಗಿ ಕೈಮುಗಿದು ಬರುತ್ತಾರೆ. ಮುಳುಗಡೆಯ ಊರಿನವರಿಗೆ ಬೇಸಿಗೆಯ ನೆನಪೆಂದರೆ ಅಣೆಕಟ್ಟಿನ ಚರಿತ್ರೆಯೂ ಹೌದು.

ಬಾಲ್ಯ ಎಲ್ಲರಿಗೂ ಎಲ್ಲ ಕಡೆಯೂ ಸಿಹಿಯೇ, ಇದರಲ್ಲಿ ಈ ನೆಲದ ಇತಿಹಾಸ ಏನು ಬಂತು ಎಂದು ಕೇಳಬಹುದು. ಭಾವನೆ ಎಲ್ಲ ಕಡೆಯದು ಎಂಬುದು ನಿಜ, ಆದರೆ ವಿವರ ಈ ಊರಿನದು. ಉಸುಕು, ವರತಿ, ಕಣ, ಚಕ್ಕಡಿ ಒಟ್ಟಿಗೆ ಬರುವ ನೆನಪು ಬತ್ತುವ ಹೊಳೆಯ, ಹಿಂಗಾರಿ ಬೆಳೆಯ ಸೀಮೆಯಲ್ಲಿ ಮಾತ್ರ ಹುಟ್ಟೀತು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಈ ಬೇಸಿಗೆ ಯಾರದು? ಗಂಡುಮಕ್ಕಳು ಮಡುವಿಗೆ ಧುಮುಕುತ್ತಿದ್ದಾಗ ಹೆಣ್ಣುಮಕ್ಕಳು ಅವ್ವನ ಜೊತೆ ಶ್ಯಾವಿಗೆ ಹೊಸೆಯುತ್ತಿದ್ದರು, ಹಪ್ಪಳ ಒಣಗಿಸುತ್ತಿದ್ದರು, ಅದೇ ವರತಿಯಿಂದ ಕೊಡ ಹೊತ್ತು ತರುತ್ತಿದ್ದರು. ಜೀತಕ್ಕಿದ್ದ ಹುಡುಗನಿಗೆ ಸಾಲಿಯೇ ಇಲ್ಲದ ಮೇಲೆ ಸೂಟಿ ಎಲ್ಲಿಯದು? ಗೋಕಾಕ ಮಿಲ್ಲು ಶುರುವಾದಾಗ ಜಾರಿಯಲ್ಲಿದ್ದ 1881ರ ಕಾರ್ಖಾನೆ ಕಾಯಿದೆ, 7 ವರ್ಷ ತುಂಬಿದ ಮಗುವನ್ನು ದಿನಕ್ಕೆ 9 ತಾಸು ದುಡಿಸಲು ಒಪ್ಪುತ್ತಿತ್ತು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದು ನೆನಪನ್ನು ಬಿಸಾಡಿ ಎನ್ನುವುದಿಲ್ಲ, ಇನ್ನಷ್ಟು ಜನರ ನೆನಪನ್ನು ಕೂಡಿಸಿ ಎನ್ನುತ್ತದೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಲೇಖಕ ಚಂದ್ರಶೇಖರ ಕಂಬಾರರು ಮಾಡಿದ್ದು ಇದನ್ನೇ. ಹುಟ್ಟಿದ ಸೀಮೆಯ ನೆನಪಿನಿಂದ ಅವರು ಕಟ್ಟಿದ ಶಿವಾಪುರವೆಂಬ ಕಾಲ್ಪನಿಕ ಊರಿನಲ್ಲಿ ಹಾಡು, ಹಬ್ಬಗಳಷ್ಟೇ ಗೌಡಿಕೆಯ ದರ್ಪ, ಕಾಮ, ಹಸಿವುಗಳೂ ಇವೆ. ಊರನ್ನು ಪ್ರೀತಿಸುತ್ತಲೇ ಅದರ ಕ್ರೌರ್ಯ ಕಾಣಲು ಸಾಧ್ಯವೆಂದು ಅವರ ಬರವಣಿಗೆ ತೋರಿಸಿಕೊಟ್ಟಿದೆ.

ಹಾಗಾದರೆ ಹಿಡಕಲ್ ಬೇಡವಾಗಿತ್ತೇ? ಖಂಡಿತ ಬೇಕಿತ್ತು. ಬರಕ್ಕೆ ಊರು ಬಿಟ್ಟು ಗುಳೆ ಹೋದವರ ಮೊಮ್ಮಕ್ಕಳು ಇಂದು ಕಾಲೇಜು ಕಲಿತಿದ್ದರೆ ಅದರಲ್ಲಿ ಕಾಲುವೆಯ ನೀರಿನ ಪಾಲಿದೆ. ಆದರೆ ನೀರಾವರಿಯ ಲೆಕ್ಕವನ್ನು ನಾವು ಎಕರೆಯಲ್ಲಿ, ಟನ್ನಿನಲ್ಲಿ ಮಾತ್ರ ಬರೆದಿಟ್ಟಿದ್ದೇವೆ. ಇಡೀ ಊರು ಒಟ್ಟಿಗೆ ಕೂಡುತ್ತಿದ್ದ ಎರಡು ತಿಂಗಳ ಬಿಡುವು ಹೋಯಿತು ಎಂಬುದು ಯಾವ ದಫ್ತರದಲ್ಲೂ ದಾಖಲಾಗಿಲ್ಲ. ಅದು ಉಳಿದಿರುವುದು ಎಪ್ಪತ್ತು ದಾಟಿದವರ ಬಾಯಲ್ಲಿ. ಈ ಸೀಮೆಯ ಸಾಲಿ, ಕಾಲೇಜುಗಳು ಅವರನ್ನು ಮಾತಾಡಿಸಿ ಬರೆದಿಟ್ಟುಕೊಳ್ಳಬೇಕು: ಏನು ಆಡಿದಿರಿ ಎಂಬುದರ ಜೊತೆಗೆ, ಆಗ ಹೊಲದಲ್ಲಿ ಯಾವ ಬೆಳೆಯಿತ್ತು, ನೀರು ಯಾರು ಹೊತ್ತರು, ಆಟಕ್ಕೆ ಯಾರನ್ನು ಸೇರಿಸಿಕೊಳ್ಳಲಿಲ್ಲ ಎಂದೂ ಕೇಳಬೇಕು. ಹೀಗೆ ಕೇಳಿ ಬರೆದಾಗ ಮಾತ್ರ ಈ ಕಣಿವೆ ಏನು ಗಳಿಸಿತು, ಏನು ಕಳೆದುಕೊಂಡಿತು ಎಂಬ ಲೆಕ್ಕ ಪೂರ್ತಿಯಾಗುತ್ತದೆ.