ಬಸುರಾಗೋ ಮೊದಲಿನ ಆರೈಕೆ: 1928ರಿಂದ ಬಾಕಿ ಇರೋ ಲೆಕ್ಕ



ಆಫೀಸಿನಾಗ ರಜಾ ಅರ್ಜಿ ನೋಡೋದು ನನ್ನ ಕೆಲಸ. ಕಾಯಂ ನೌಕರರ ಹೆರಿಗೆ ರಜೆಗೆ ಸೀಲು ಹೊಡೆಯುವಾಗೆಲ್ಲ ನಮ್ಮವ್ವ ನೆನಪಾಗ್ತಾಳ. ಹುಬ್ಬಳ್ಳಿ ಓಣಿಗಳಾಗ ಕಸ ಹೊಡೆದಾಕಿ. ನನ್ನ ತಂಗಿ ಹುಟ್ಟೋ ಹಿಂದಿನ ದಿನಾನೂ ಕೈಯಾಗ ಕಸಬರಗಿ ಇತ್ತು. ಆ ಕೂಸು ಒಂಬತ್ತನೇ ದಿನ ಹೋತು. ಹಣೆಬರಹ ಅಂದ್ರು ಎಲ್ಲಾರೂ. ಎಷ್ಟು ಮನಿಯಾಗ ಇದೇ ಮಾತು ಕೇಳೀವಿ! ದುಡಿಯೋ ತಾಯಂದಿರ ಈ ಕಥೆಗೆ ಹಣೆಬರಹ ಅಲ್ಲ, ಇತಿಹಾಸ ಐತಿ.

ಆಗ ನಮ್ಮ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಾಗಿತ್ತು. 1928ರಲ್ಲಿ ಮುಂಬೈ ಶಾಸನ ಪರಿಷತ್ತಿನ ಮುಂದೆ ಕಾರ್ಖಾನೆ ಹೆಣ್ಣುಮಕ್ಕಳ ಹೆರಿಗೆ ಭತ್ಯೆ ಮಸೂದೆ ಬಂತು. ಬಾಬಾಸಾಹೇಬರು ಅದನ್ನು ಬೆಂಬಲಿಸಿ ಮಾತಾಡಿದರು. ಹೆರಿಗೆಗೆ ಮೊದಲೂ ನಂತರವೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ. ಅದರ ಭಾರ ಬಹುಪಾಲು ಸರ್ಕಾರದ್ದು, ಆಕೆಯ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಪಾಲು ಕೊಡಬೇಕು ಎಂಬುದು ಅವರ ವಾದ. 1929ರಲ್ಲಿ ಕಾಯ್ದೆಯಾಯಿತು.

1938ರಲ್ಲಿ ಅವರು ಇನ್ನೂ ಹಿಂದಕ್ಕೆ ಹೋದರು. ಬೇಡವಾದಾಗ ಬಸುರು ತಡೆಯುವ ಅನುಕೂಲ ಹೆಣ್ಣಿಗಿರಬೇಕು, ಹಡೆಯುವುದು ಆಕೆಯ ಆಯ್ಕೆಯಾಗಬೇಕು ಎಂಬ ಅವರ ಭಾಷಣವನ್ನು ಪಿ.ಜೆ. ರೋಹಮ್ ವಿಧಾನಸಭೆಯಲ್ಲಿ ಮಂಡಿಸಿದರು. ಠರಾವು ಬಿದ್ದುಹೋಯಿತು.

ದೇಶಕ್ಕೆಲ್ಲ ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದು 1961ರಲ್ಲಿ. 2017ರಲ್ಲಿ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಆದರ ಹಿಂದಿನ 12 ತಿಂಗಳಾಗ 80 ದಿನ ದುಡಿದದ್ದನ್ನ ತೋರಿಸಬೇಕು. ಗುತ್ತಿಗೆದಾರನ ಹಾಜರಿ ಪುಸ್ತಕದಾಗ ಹೆಸರೇ ಇಲ್ಲದಾಕಿ ಏನ್ ತೋರಿಸಬೇಕ್ರಿ?

2017ರಾಗೇ ನಮ್ಮ ರಾಜ್ಯದಾಗ ಮಾತೃಪೂರ್ಣ ಬಂತು. ಅಂಗನವಾಡಿಯಾಗ ಬಸುರಿ ಬಾಣಂತಿಗೆ ಬಿಸಿಯೂಟ. ಒಳ್ಳೇದು. ಆದರ ಕೂಸಿನ ಮೆದುಳು, ಬೆನ್ನುಹುರಿಯ ಬುನಾದಿ ಬೀಳೋದು ಬಸುರು ನಿಂತ ಮೊದಲ 28 ದಿನದಾಗ. ಅಷ್ಟೊತ್ತಿಗೆ ಎಷ್ಟೋ ಮಂದಿಗೆ ತಾವು ಬಸುರಿ ಅಂತ ಗೊತ್ತೇ ಇರಂಗಿಲ್ಲ. ಅದಕ್ಕ ಫೋಲಿಕ್ ಆಸಿಡ್ ಗುಳಿಗಿ ಬಸುರಾಗೋಕಿಂತ ಒಂದು ತಿಂಗಳ ಮೊದಲೇ ಶುರು ಆಗಬೇಕು. ನಾಲ್ಕನೇ ತಿಂಗಳಿಗೆ ತಾಯಿ ಕಾರ್ಡ್ ಮಾಡಿಸಿದರ ಆ ಗಾಡಿ ಹೋಗಿರ್ತದ.

ಅಕ್ಕ-ತಂಗ್ಯಾರೇ, ಕೂಸು ಬೇಕು ಅನ್ಕೊಂಡ ಕೂಡಲೇ ಆಶಾ ಅಕ್ಕನ್ನ ಕೇಳ್ರಿ. ರಕ್ತ, ಬಿ.ಪಿ., ಸಕ್ಕರಿ ತಪಾಸಣೆ ಮಾಡಿಸ್ರಿ. ಅಣ್ಣ-ತಮ್ಮಂದಿರೇ, ಹುಡುಗಿ ಮೈಯಾಗ ರಕ್ತ ತುಂಬೋ ಮೊದಲು ಮದುವಿ ಅವಸರ ಬ್ಯಾಡ, ಒಂದು ಕೂಸಿನ ಬೆನ್ನಿಗೇ ಇನ್ನೊಂದು ಬ್ಯಾಡ. ಸಂಘಟನೆಯವರು ಗುತ್ತಿಗೆ ಪೌರಕಾರ್ಮಿಕ ಹೆಣ್ಣುಮಕ್ಕಳ ಹಾಜರಿ ಪುಸ್ತಕ ತಗಸಿ ನೋಡ್ರಿ.

ನಮ್ಮ ತಂಗಿಗೆ ಹೆಸರಿಡೋಕೂ ಆಗಲಿಲ್ಲ. ಮುಂದಿನ ಕೂಸುಗಳಿಗೆ ಹೆಸರಿಡೋಣ.

ಜೈ ಭೀಮ್.